‘ಇದು ನನಗೆ ಬರಲ್ಲ’ ಅಂತ ಬರೆದುಕೊಟ್ಟ ಮೇಲೇ ಲೈಸೆನ್ಸ್

ಇವತ್ತು ಒಂದು ಫಾರಂ ಬಗ್ಗೆ ಮಾತಾಡ್ತೀನಿ. ಫಾರಂ ಅಂದ ತಕ್ಷಣ ಸ್ಕಿಪ್ ಮಾಡಬೇಡಿ. ಈ ಫಾರಂನಿಂದ ಒಬ್ಬರು ಅಜ್ಜಿ ಊರಿಗೆ ವಾಪಸ್ ಹೋಗೋದು ತಪ್ಪಲಿಲ್ಲ. ಆ ಕಥೆಗೆ ಆಮೇಲೆ ಬರ್ತೀನಿ.

ನಾನು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸೈಕಾಲಜಿಸ್ಟ್. ಎಂಎ ಮಾಡಿದ್ದು ಬೆಂಗಳೂರಲ್ಲಿ, ಪಿಎಚ್‌ಡಿ ಇಲ್ಲಿ. ಪಿಎಚ್‌ಡಿ ಮುಗೀತು ಅಂದ್ರೆ ಬೋರ್ಡ್ ಹಾಕಿಕೊಂಡು ಕೂರಬಹುದು ಅಂತ ನಮ್ಮಮ್ಮ ಅಂದುಕೊಂಡಿದ್ದಳು. ನಿಜ ಹೇಳ್ತೀನಿ, ನಾನೂ ಸುಮಾರಾಗಿ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಪದವಿ ಬೇರೆ, ಲೈಸೆನ್ಸ್ ಬೇರೆ.

ಲೈಸೆನ್ಸ್ ಕೊಡೋದು ಒಂದು ನಿಯಂತ್ರಣ ಸಂಸ್ಥೆ. ಹೆಸರಲ್ಲಿ ಕಾಲೇಜ್ ಅಂತ ಇದೆ, ಆದರೆ ಅಲ್ಲಿ ಪಾಠ ನಡೆಯಲ್ಲ. ನಾನು ಅರ್ಜಿ ಹಾಕಿದಾಗ ಅದು ‘ಕಾಲೇಜ್ ಆಫ್ ಸೈಕಾಲಜಿಸ್ಟ್ಸ್ ಆಫ್ ಒಂಟಾರಿಯೊ’. 2024ರ ಜುಲೈ 1ರಿಂದ ಬಿಹೇವಿಯರ್ ಅನಲಿಸ್ಟ್‌ಗಳೂ ಅದರ ಅಡಿಗೆ ಬಂದಿದ್ದಾರೆ, ಹೆಸರೂ ಅದಕ್ಕೆ ತಕ್ಕಂತೆ ಉದ್ದ ಆಗಿದೆ. ಇದರ ಕೆಲಸ ಸೈಕಾಲಜಿಸ್ಟ್‌ಗಳನ್ನು ಕಾಪಾಡೋದಲ್ಲ, ಸೈಕಾಲಜಿಸ್ಟ್ ಹತ್ರ ಬರೋ ಜನರನ್ನು ಕಾಪಾಡೋದು. ಇದನ್ನ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಸುಲಭವಾಗಿ ಅರ್ಥ ಆಗತ್ತೆ.

ನನ್ನ ಬ್ಯಾಚಿನ ಹೊತ್ತಿಗೆ ದಾರಿ ಹೀಗಿತ್ತು. ಪದವಿ ಆದಮೇಲೆ ಕನಿಷ್ಠ ಒಂದು ವರ್ಷ ಸೂಪರ್‌ವೈಸ್ಡ್ ಪ್ರಾಕ್ಟೀಸ್, ಅಂದ್ರೆ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ. ಒಬ್ಬರು ಮುಖ್ಯ ಸೂಪರ್‌ವೈಸರ್, ಇನ್ನೊಬ್ಬರು ಪರ್ಯಾಯ ಸೂಪರ್‌ವೈಸರ್. ನಾನು ಬರೆದ ರಿಪೋರ್ಟಿಗೆ ಅವರ ಸಹಿಯೂ ಬೀಳಬೇಕು. ಜೊತೆಗೆ ಪರೀಕ್ಷೆಗಳು. ಅಮೆರಿಕ, ಕೆನಡಾ ಎರಡೂ ಕಡೆ ಬಳಸೋ ಇಪಿಪಿಪಿ ಅನ್ನೋ 225 ಪ್ರಶ್ನೆಗಳ ಪರೀಕ್ಷೆ, ಕಾನೂನು ಮತ್ತು ನೀತಿಯ ಮೇಲೆ ಇನ್ನೊಂದು, ಕೊನೆಗೆ ಮೌಖಿಕ ಪರೀಕ್ಷೆ.

ಇವೆಲ್ಲದರ ಮಧ್ಯೆ ಆ ಫಾರಂ. ಅದನ್ನ ‘ಡಿಕ್ಲರೇಷನ್ ಆಫ್ ಕಾಂಪಿಟೆನ್ಸ್’ ಅಂತಾರೆ. ನನಗೆ ಯಾವ ಕೆಲಸ ಬರುತ್ತೆ ಅನ್ನೋದರ ಘೋಷಣೆ.

ಫಾರಂ ಕೇಳೋದು ಏನು?

ಮುಖ್ಯವಾಗಿ ಎರಡು ಪ್ರಶ್ನೆ. ಒಂದು, ಯಾವ ಕ್ಷೇತ್ರ? ಪಟ್ಟಿಯಲ್ಲಿ ಎಂಟಿದ್ದವು: ಕ್ಲಿನಿಕಲ್, ಕೌನ್ಸೆಲಿಂಗ್, ಶಾಲಾ ಮನೋವಿಜ್ಞಾನ, ಮಿದುಳಿಗೆ ಸಂಬಂಧಿಸಿದ ನ್ಯೂರೋಸೈಕಾಲಜಿ, ಕೋರ್ಟು-ಜೈಲಿಗೆ ಸಂಬಂಧಿಸಿದ ಫೊರೆನ್ಸಿಕ್, ಹೆಲ್ತ್ ಸೈಕಾಲಜಿ, ಪುನರ್ವಸತಿ, ಮತ್ತೆ ಕಂಪನಿ-ಕಾರ್ಖಾನೆಗಳ ಸೈಕಾಲಜಿ. ಎರಡು, ಯಾರ ಜೊತೆ? ಮಕ್ಕಳು, ಹದಿಹರೆಯದವರು, ವಯಸ್ಕರು, ದಂಪತಿ, ಕುಟುಂಬ, ಹಿರಿಯ ನಾಗರಿಕರು, ಸಂಸ್ಥೆಗಳು.

ನಾನು ಮೊದಲ ಸಲ ತುಂಬಿದಾಗ ಮದುವೆ ಮನೆ ಎಲೆಗೆ ಬಡಿಸಿದ ಹಾಗೆ ಎಲ್ಲಾ ಕಡೆ ಟಿಕ್ ಹಾಕಿದ್ದೆ. ಕ್ಲಿನಿಕಲ್, ಕೌನ್ಸೆಲಿಂಗ್, ಶಾಲೆ. ಮಕ್ಕಳಿಂದ ಹಿಡಿದು ಅಜ್ಜ-ಅಜ್ಜಿವರೆಗೆ. ನನ್ನ ಲೆಕ್ಕ ಸರಳ: ಟಿಕ್ ಜಾಸ್ತಿ ಇದ್ದರೆ ಕೆಲಸ ಜಾಸ್ತಿ. ಹೊರದೇಶದಲ್ಲಿ ಬಾಡಿಗೆ ಕಟ್ಟೋ ಹುಡುಗಿಗೆ ಇದೇನು ಸಣ್ಣ ವಿಷಯ ಅಲ್ಲ.

ಸೂಪರ್‌ವೈಸರ್ ಫಾರಂ ನೋಡಿದರು. ಬೈಯಲಿಲ್ಲ. ‘ಮಕ್ಕಳು’ ಅನ್ನೋ ಸಾಲಿನ ಮೇಲೆ ಪೆನ್ ಇಟ್ಟು, "ಎಂಟು ವರ್ಷದ ಮಗುವನ್ನ ಪರೀಕ್ಷಿಸಿ ಎಷ್ಟು ರಿಪೋರ್ಟ್ ಬರೆದಿದ್ದೀರಿ?" ಅಂದರು.

"ಎರಡು."

"ಎರಡರಲ್ಲಿ ಶುರುವಿಂದ ಕೊನೆವರೆಗೆ ನೀವೇ ಮಾಡಿದ್ದು?"

ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಆಮೇಲೆ ನಾನೇ ಆ ಟಿಕ್ ಹೊಡೆದುಹಾಕಿದೆ.

ಪ್ರತಿ ಸಾಲಿಗೂ ಅದೇ ಪ್ರಶ್ನೆ. ಯಾವ ಕೋರ್ಸ್ ಓದಿದ್ದೀಯಾ, ಯಾರ ಕೈಕೆಳಗೆ ಕಲಿತೆ, ಎಷ್ಟು ಜನರನ್ನ ನೋಡಿದೆ? ‘ಆಸಕ್ತಿ ಇದೆ’ ಅನ್ನೋದು ಉತ್ತರ ಅಲ್ಲ. ‘ಪುಸ್ತಕ ಓದಿದ್ದೀನಿ’ ಅನ್ನೋದೂ ಅಲ್ಲ. ಒಂದು ವಾರದ ನಂತರ ನನ್ನ ಫಾರಂನಲ್ಲಿ ಉಳಿದದ್ದು ಇಷ್ಟು: ಕ್ಲಿನಿಕಲ್ ಸೈಕಾಲಜಿ; ಹದಿಹರೆಯದವರು ಮತ್ತು ವಯಸ್ಕರು. ರಾತ್ರಿ ಮೈಸೂರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಇಷ್ಟೆಲ್ಲ ಓದಿ ಇಷ್ಟೇನಾ?" ಅಂದಳು. ನನಗೂ ಒಳಗೊಳಗೆ ಅದೇ ಬೇಜಾರು.

ಅಜ್ಜಿ ಬಂದರು

ಈಗ ಆ ಕಥೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೀನಿ.

ನವೆಂಬರ್ ತಿಂಗಳು. ನಾನು ಕೆಲಸ ಮಾಡ್ತಿದ್ದ ಕ್ಲಿನಿಕ್ಕಿಗೆ ಒಬ್ಬರು ಫೋನ್ ಮಾಡಿದರು. "ಮೇಡಂ, ನಿಮಗೆ ಕನ್ನಡ ಬರುತ್ತಂತೆ. ನಮ್ಮಮ್ಮನಿಗೆ ಮರೆವು. ಇಲ್ಲಿ ಟೆಸ್ಟ್ ಎಲ್ಲ ಇಂಗ್ಲಿಷಲ್ಲಿ. ನೀವು ನಮ್ಮೋರು, ನೀವೇ ಒಂದು ಸಲ ನೋಡಿಬಿಡಿ."

ಅಮ್ಮನಿಗೆ 74 ವರ್ಷ. ಹಾಸನದ ಕಡೆಯವರು, ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಗಂಡ ತೀರಿಕೊಂಡ ಮೇಲೆ ಮಗ ಕರೆದುಕೊಂಡು ಬಂದಿದ್ದಾರೆ. ಹೇಳಿದ್ದು ಮರೀತಾರೆ, ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಡ್ತಾರೆ, ಒಲೆ ಆರಿಸೋದು ಒಂದೆರಡು ಸಲ ಮರೆತಿದ್ದಾರೆ. ಅವರಿಗೋ ಒಂದೇ ಹಟ, ಊರಿಗೆ ಹೋಗಬೇಕು. ಮಗ ಕೇಳಿದ್ದು ನ್ಯಾಯವಾದ ಪ್ರಶ್ನೆ: "ಡಿಮೆನ್ಷಿಯಾ ಅಂತ ಆದರೆ ಒಬ್ಬರನ್ನೇ ಹೇಗೆ ಕಳಿಸಲಿ? ಅಲ್ಲ ಅಂದರೆ ಮಾರ್ಚಿಗೆ ಟಿಕೆಟ್ ಮಾಡ್ತೀನಿ."

ನೋಡಿ, ಒಂದು ರಿಪೋರ್ಟ್. ಅದರ ಮೇಲೆ ಒಬ್ಬರು ತಮ್ಮ ಕೊನೆಗಾಲ ಎಲ್ಲಿ ಕಳೀತಾರೆ ಅನ್ನೋದು ನಿಂತಿದೆ.

ನನಗೆ ಒಪ್ಪಿಕೊಳ್ಳೋ ಆಸೆ ಆಯ್ತು, ಸುಳ್ಳು ಹೇಳಲ್ಲ. ಕನ್ನಡ ಬರೋ ಸೈಕಾಲಜಿಸ್ಟ್ ಅವರಿಗೆ ಇನ್ನೆಲ್ಲಿ ಸಿಗಬೇಕು? ನೆನಪಿನ ಸಣ್ಣ ಪರೀಕ್ಷೆಯೊಂದು ನಮ್ಮ ಡ್ರಾಯರಲ್ಲೇ ಇತ್ತು. ಕನ್ನಡದಲ್ಲಿ ಹೇಳಿ ಕೇಳಿದರೆ ಅರ್ಧ ಗಂಟೆ ಕೆಲಸ. ಸೂಪರ್‌ವೈಸರ್ ಹತ್ರ ಹೋಗಿ ಹೇಳಿದೆ. ಅವರು ನನ್ನ ಫಾರಂ ತೆಗೆದು ಮುಂದಿಟ್ಟರು. ನ್ಯೂರೋಸೈಕಾಲಜಿ ಇಲ್ಲ. ಹಿರಿಯ ನಾಗರಿಕರು ಇಲ್ಲ.

"ಆದರೆ ಭಾಷೆ ಬರೋದು ನನಗೊಬ್ಬಳಿಗೇ," ಅಂದೆ.

"ಭಾಷೆ ಬರೋದು ಯೋಗ್ಯತೆಯ ಒಂದು ಭಾಗ," ಅಂದರು. "ಆ ಭಾಗ ಅವರಿಗೆ ಸಿಗಬೇಕು. ಪೂರ್ತಿ ಯೋಗ್ಯತೆ ಇದೆ ಅಂತ ಅವರಿಗೆ ಅನಿಸಬಾರದು."

ಸರಿ, ಏನು ಮಾಡಿದೆವು? ಸುಮ್ಮನೆ ‘ಆಗಲ್ಲ’ ಅಂತ ಫೋನ್ ಇಡಲಿಲ್ಲ. ಮೊದಲು ಮಗನಿಗೆ ಹೇಳಿದೆವು: ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ ಬಿ12, ಥೈರಾಯ್ಡ್ ನೋಡಿಸಿ, ಕಿವಿ ಪರೀಕ್ಷೆ ಮಾಡಿಸಿ. ಇವುಗಳ ತೊಂದರೆ ಮರೆವಿನ ಹಾಗೆ ಕಾಣಬಹುದು. ವಯಸ್ಸಾದವರಲ್ಲಿ ಖಿನ್ನತೆ ಕೂಡ ಹಾಗೇ ಕಾಣತ್ತೆ. ಆಮೇಲೆ ಹಿರಿಯರ ಜೊತೆ ಕೆಲಸ ಮಾಡೋ ನ್ಯೂರೋಸೈಕಾಲಜಿಸ್ಟ್ ಒಬ್ಬರಿಗೆ ಕಳಿಸಿದೆವು. ಪರೀಕ್ಷೆ ದಿನ ಮಗ ಅನುವಾದ ಮಾಡಬಾರದು, ತರಬೇತಿ ಪಡೆದ ದುಭಾಷಿ ಬೇಕು ಅಂತಲೂ ಬರೆದೆವು. ಅಮ್ಮ ತಪ್ಪು ಹೇಳಿದರೆ ಮಗ ಪ್ರೀತಿಯಿಂದಲೇ ತಿದ್ದಿಬಿಡ್ತಾನೆ.

ನನ್ನ ಕೆಲಸ, ಆ ನ್ಯೂರೋಸೈಕಾಲಜಿಸ್ಟ್ ಜೊತೆ ಒಂದು ಗಂಟೆ ಕೂತು ಮಾತಾಡೋದು. ಅದಕ್ಕೂ ಮೊದಲು, ಪರೀಕ್ಷೆ ಮಾಡೋಕಲ್ಲ, ವಿಷಯ ವಿವರಿಸೋಕೆ ಅಜ್ಜಿಯನ್ನ ಒಂದು ಸಲ ಕಂಡಿದ್ದೆ. ಮಾತಿಗೆ ಮಾತು ಬಂದು, ಈಗ ಯಾವ ತಿಂಗಳು ಅಂತ ಬಂದಾಗ ಅವರು "ಕಾರ್ತೀಕ" ಅಂದರು. ಸರಿಯಾದ ಉತ್ತರ! ಆದರೆ ಇಂಗ್ಲಿಷ್ ಹಾಳೆಯಲ್ಲಿ ‘ನವೆಂಬರ್’ ಅಂತ ಇರತ್ತೆ. ನೂರರಿಂದ ಏಳೇಳು ಕಳೀತಾ ಹೋಗಿ ಅನ್ನೋ ಪ್ರಶ್ನೆ ನಾಲ್ಕನೇ ಕ್ಲಾಸ್ ಓದಿದವರಲ್ಲಿ ನೆನಪಿಗಿಂತ ಜಾಸ್ತಿ ಶಾಲೆಯನ್ನೇ ಅಳೆಯತ್ತೆ. ಇಂಥ ಕಾರಣಕ್ಕೇ ನಮ್ಮಲ್ಲಿ ನಿಮ್ಹಾನ್ಸ್‌ನವರು 2004ರಲ್ಲಿ ತಮ್ಮದೇ ನ್ಯೂರೋಸೈಕಾಲಜಿ ಪರೀಕ್ಷೆಗಳ ಕಟ್ಟು ತಂದರು. ಅದರಲ್ಲಿ ಹೋಲಿಕೆ ಭಾರತೀಯರ ಜೊತೆಗೇ, ವಯಸ್ಸು ಮತ್ತು ಓದು ನೋಡಿಕೊಂಡು.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, "ನಂಗೇನು ಮರೆವಿಲ್ಲ ಕಣವ್ವ. ಇಲ್ಲಿ ನೆನಪಿಟ್ಕಳಾಕೆ ಏನೈತೆ ಹೇಳು?" ಅಂದರು.

ಫಲಿತಾಂಶ? ಎರಡೂ ಕಿವಿ ಮಂದ ಆಗಿತ್ತು. ಅದಕ್ಕೇ ಕೇಳಿದ್ದೊಂದು, ಉತ್ತರ ಇನ್ನೊಂದು. ಗಂಡ ಹೋದ ದುಃಖ ಖಿನ್ನತೆಗೆ ತಿರುಗಿತ್ತು. ನೆನಪು ಸ್ವಲ್ಪ ಕಡಿಮೆ ಇತ್ತು, ಆದರೆ ಸದ್ಯಕ್ಕೆ ಡಿಮೆನ್ಷಿಯಾ ಅನ್ನೋ ಹಾಗಿಲ್ಲ, ಒಂದು ವರ್ಷದ ನಂತರ ಮತ್ತೆ ನೋಡಬೇಕು ಅಂದರು. ಹಿಯರಿಂಗ್ ಏಡ್ ಬಂತು. ಮಾರ್ಚಿಗೆ ಟಿಕೆಟ್ಟೂ ಆಯ್ತು. ಊರಲ್ಲಿ ತಂಗಿ ಬಂದು ಜೊತೆಗಿರೋದು ಅಂತ ಏರ್ಪಾಡು.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಡ್ರಾಯರಲ್ಲಿದ್ದ ಆ ಹಾಳೆಯನ್ನ ನಾನೇ ಅನುವಾದ ಮಾಡಿ ಕೇಳಿದ್ದರೆ, ತಿಂಗಳಿಗೆ ಅಂಕ ಹೋಗ್ತಿತ್ತು, ಲೆಕ್ಕಕ್ಕೆ ಹೋಗ್ತಿತ್ತು, ಸರಿಯಾಗಿ ಕೇಳಿಸದ ಪದಗಳಿಗೂ ಹೋಗ್ತಿತ್ತು. ಕಡಿಮೆ ಅಂಕ ನೋಡಿ ನಾನು ಏನು ಬರೀತಿದ್ದೆನೋ. ಅದೂ ಕನ್ನಡದಲ್ಲಿ, ನಮ್ಮೋಳು ಹೇಳಿದ್ದು ಅಂತ ಅವರು ಪೂರ್ತಿ ನಂಬ್ತಿದ್ದರು.

ಹಾಗಾದರೆ ಹೊಸದು ಕಲಿಯೋದೇ ಬೇಡವಾ?

ಕಲೀಬಹುದು. ಲೈಸೆನ್ಸ್ ಸಿಕ್ಕ ಮೇಲೂ ಕ್ಷೇತ್ರ ವಿಸ್ತರಿಸಿಕೊಳ್ಳಬಹುದು, ಆದರೆ ಅದೇ ದಾರಿಯಲ್ಲಿ: ಓದು, ತರಬೇತಿ, ಆ ಕ್ಷೇತ್ರ ಬಲ್ಲವರ ಮೇಲ್ವಿಚಾರಣೆ. ಆ ಕೆಲಸ ಗೊತ್ತಿಲ್ಲದವರು ಅದನ್ನ ಮೇಲ್ವಿಚಾರಣೆ ಮಾಡೋ ಹಾಗೂ ಇಲ್ಲ. ನಮ್ಮ ಬ್ಯಾಚಿಗೆ ಮೌಖಿಕ ಪರೀಕ್ಷೆಯಲ್ಲೂ ಪ್ರಶ್ನೆ ಬರ್ತಿದ್ದದ್ದು ನಾವು ಘೋಷಿಸಿದ ಕ್ಷೇತ್ರದ ಮೇಲೇ. ಕೊನೆಗೆ ಆ ಘೋಷಣೆ ಸಾರ್ವಜನಿಕ ರಿಜಿಸ್ಟರಿನಲ್ಲಿ ನಮ್ಮ ಹೆಸರಿನ ಪಕ್ಕ ಬರತ್ತೆ. ಯಾರು ಬೇಕಾದರೂ ಫೋನಲ್ಲೇ ನೋಡಬಹುದು.

ಕರ್ನಾಟಕದಲ್ಲಿ ಕೇಳ್ತಿರೋರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯ ಪ್ರಕಾರ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಾಯಿಸಿಕೊಂಡಿರಬೇಕು. ಹಾಗಾಗಿ ಮೊದಲ ಭೇಟಿಯಲ್ಲೇ ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಆಮೇಲೆ ಇನ್ನೂ ಮೂರು ಪ್ರಶ್ನೆ. ನನ್ನಂಥ ಸಮಸ್ಯೆ ಇರೋರನ್ನ ನೋಡಿದ ಅನುಭವ ಇದೆಯಾ? ಅದಕ್ಕೆ ತರಬೇತಿ ಎಲ್ಲಿ ಆಯ್ತು? ನಿಮಗೆ ಬರದ ಕೆಲಸ ಯಾವುದು, ಅದಕ್ಕೆ ಯಾರ ಹತ್ರ ಕಳಿಸ್ತೀರಿ? ಕೊನೇ ಪ್ರಶ್ನೆಗೆ ತಟ್ಟಂತ ಉತ್ತರ ಕೊಟ್ಟವರನ್ನ ನಂಬಬಹುದು. ‘ಎಲ್ಲಾ ಬರುತ್ತೆ’ ಅಂದರೆ ಸ್ವಲ್ಪ ಯೋಚನೆ ಮಾಡಿ. ಎಲ್ಲಿಂದ ಶುರು ಮಾಡೋದು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೆ ಈ ಅಜ್ಜಿ ಕಥೆಯನ್ನ ಹೆಸರು ಹೇಳದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ಯ, ನೀನು ಎಲ್ಲಾ ಕಡೆ ಟಿಕ್ ಹಾಕಲಿಲ್ಲವಲ್ಲ" ಅಂದಳು. ಹಾಕಿದ್ದೆ, ಆಮೇಲೆ ಹೊಡೆದುಹಾಕಿದೆ ಅಂತ ಅವಳಿಗೆ ಇನ್ನೂ ಹೇಳಿಲ್ಲ. ಈ ಎಪಿಸೋಡ್ ಕೇಳಿದರೆ ಗೊತ್ತಾಗತ್ತೆ.