ವಿದ್ಯುತ್, ಬ್ಯಾಂಕು, ತೆರಿಗೆ: ವಾರೆನ್ ಬಫೆಟ್ ಮಾತನ್ನು ಓದುವುದು ಹೇಗೆ?

ಕೆಎಸ್‌ಆರ್‌ಟಿಸಿಯ 'ಇವಿ ಪವರ್ ಪ್ಲಸ್' ಬಸ್ಸಿನಲ್ಲಿ ನೀವು ಬೆಂಗಳೂರಿನಿಂದ ಮೈಸೂರಿಗೆ ಹೋಗಿರಬಹುದು. ಎಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ಬಸ್ ತಯಾರಿಸಿದ್ದು ಹೈದರಾಬಾದಿನ ಓಲೆಕ್ಟ್ರಾ. ಅದರ ತಂತ್ರಜ್ಞಾನ ಪಾಲುದಾರ ಚೀನಾದ ಬಿವೈಡಿ. ಈ ಬಿವೈಡಿಯ ಹೆಸರು ಚೀನಾದ ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಕಾಲದಲ್ಲಿ, ಅಂದ್ರೆ 2008ರಲ್ಲಿ, ಅಮೆರಿಕದ ಒಂದು ಕಂಪನಿ 23 ಕೋಟಿ ಡಾಲರ್ ಕೊಟ್ಟು ಅದರ ಸುಮಾರು ಶೇ. 10ರಷ್ಟು ಪಾಲು ಕೊಂಡಿತ್ತು. ಷೇರಿನ ಬೆಲೆ 20 ಪಟ್ಟಿಗಿಂತ ಹೆಚ್ಚು ಏರಿದ ಮೇಲೆ, 2022ರಿಂದ ಸ್ವಲ್ಪ ಸ್ವಲ್ಪವಾಗಿ ಮಾರುತ್ತಾ 2025ರ ಹೊತ್ತಿಗೆ ಪೂರ್ತಿ ಹೊರಬಂತು.

ಆ ಕಂಪನಿ ಬರ್ಕ್‌ಷೈರ್ ಹ್ಯಾಥವೇ. 1965ರಿಂದ ಅದನ್ನು ನಡೆಸಿ, 2025ರ ಕೊನೆಗೆ ಸಿಇಒ ಸ್ಥಾನ ಬಿಟ್ಟುಕೊಟ್ಟವರು ವಾರೆನ್ ಬಫೆಟ್. ಅವರ ಜಾಗಕ್ಕೆ ಬಂದ ಗ್ರೆಗ್ ಏಬಲ್ ಬೆಳೆದಿದ್ದು ಅದೇ ಕಂಪನಿಯ ವಿದ್ಯುತ್ ವ್ಯವಹಾರದಲ್ಲಿ.

ಬಫೆಟ್ ಮಾತುಗಳು ನಮ್ಮ ಮೊಬೈಲಿಗೂ ಬರುತ್ತವೆ. 'ತಾಳ್ಮೆ ಇರಲಿ', 'ಎಲ್ಲರೂ ಹೆದರಿದಾಗ ಕೊಳ್ಳಿ' ಅನ್ನೋ ಥರದ ರೀಲ್ಸ್‌ಗಳಿಗೆ ಲೆಕ್ಕವಿಲ್ಲ. ಅವು ಸುಳ್ಳು ಅಂತಲ್ಲ. ಆದರೆ ಅವನ್ನಷ್ಟೇ ನೋಡಿದರೆ, ಮಾರುಕಟ್ಟೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಒಬ್ಬ ಜಾಣ ಒಂಟಿಯಾಗಿ ಇಷ್ಟೆಲ್ಲ ಗಳಿಸಿದ ಅನ್ನಿಸುತ್ತದೆ. ವಿದ್ಯುತ್, ಬ್ಯಾಂಕು, ತೆರಿಗೆ, ಈ ಮೂರರ ಬಗ್ಗೆ ಅವರು ಹೇಳಿದ್ದನ್ನೂ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಪ್ರತಿ ದೊಡ್ಡ ಲಾಭದ ಹಿಂದೆಯೂ ಸರ್ಕಾರದ ಒಂದು ನಿರ್ಧಾರ ಇದೆ. ವಿಶೇಷ ಅಂದ್ರೆ, ಇದನ್ನು ಬಫೆಟ್ ಮುಚ್ಚಿಟ್ಟವರೇ ಅಲ್ಲ.

ಗಾಳಿಯಂತ್ರ ತಿರುಗಿದ್ದು ಯಾಕೆ?

ಅಮೆರಿಕದ ಅಯೋವಾ ರಾಜ್ಯದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯಿಂದಲೇ ಬರುತ್ತದೆ. ಅಲ್ಲಿ ಇದರಲ್ಲಿ ಮುಂದಿರುವುದು ಬರ್ಕ್‌ಷೈರ್ ಒಡೆತನದ ಮಿಡ್‌ಅಮೆರಿಕನ್ ಎನರ್ಜಿ. ಹಾಗಾದ್ರೆ ಬಫೆಟ್ ಪರಿಸರವಾದಿಯೇ? 2014ರಲ್ಲಿ ಅವರೇ ಉತ್ತರ ಕೊಟ್ಟಿದ್ದರು: ಗಾಳಿ ವಿದ್ಯುತ್ ಘಟಕ ಕಟ್ಟಿದರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, ಅದು ಇಲ್ಲದಿದ್ದರೆ ಕಟ್ಟುವುದರಲ್ಲಿ ಅರ್ಥವಿಲ್ಲ ಅಂತ.

ಆ ರಿಯಾಯಿತಿ ಜಾರಿಗೆ ಬಂದಿದ್ದು 1992ರ ಕಾನೂನಿನಲ್ಲಿ. ಗಾಳಿಯಿಂದ ಉತ್ಪಾದಿಸಿದ ಪ್ರತಿ ಯೂನಿಟ್‌ಗೆ ಇಷ್ಟು ಅಂತ, ಹತ್ತು ವರ್ಷ ಕಾಲ, ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ. ಇದರ ಲಾಭ ಪಡೆಯಬೇಕಾದರೆ ಮೊದಲು ಕಟ್ಟಲು ತೆರಿಗೆ ಇರಬೇಕು ಅಲ್ವಾ? ಬರ್ಕ್‌ಷೈರ್‌ಗೆ ವಿಮೆ ಇದೆ, ರೈಲು ಇದೆ, ಎಲ್ಲ ಸೇರಿ ದೊಡ್ಡ ತೆರಿಗೆ ಬಾಕಿ ಇರುತ್ತದೆ. ಗಾಳಿಯಂತ್ರದಿಂದ ಬಂದ ರಿಯಾಯಿತಿಯನ್ನು ಆ ಬಾಕಿಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ಕಂಪನಿಗೆ ಈ ಸೌಲಭ್ಯ ಅಷ್ಟು ಸಲೀಸಾಗಿ ದಕ್ಕುವುದಿಲ್ಲ.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಗಾಳಿ ಮತ್ತು ಸೌರ ವಿದ್ಯುತ್ತಿನ ರಿಯಾಯಿತಿಗಳಿಗೆ ಕೊನೆ ದಿನ ಗೊತ್ತು ಮಾಡಿತು. ಗಾಳಿ ಬೀಸುವುದು ನಿಂತಿಲ್ಲ, ತಂತ್ರಜ್ಞಾನ ಹಳತಾಗಿಲ್ಲ. ಬದಲಾದದ್ದು ಕಾನೂನು, ಅದರ ಜೊತೆಗೆ ಹೂಡಿಕೆಯ ಲೆಕ್ಕ.

ನಿಮ್ಮ ಚಾವಣಿ ಅವರಿಗೆ ಪೈಪೋಟಿ

ಇನ್ನೊಂದು ಮುಖ ನೆವಾಡಾದಲ್ಲಿದೆ. ಅಲ್ಲಿನ ವಿದ್ಯುತ್ ಕಂಪನಿ ಎನ್‌ವಿ ಎನರ್ಜಿಯನ್ನು ಬರ್ಕ್‌ಷೈರ್ 2013ರಲ್ಲಿ ಕೊಂಡಿತು. ಮರುಭೂಮಿ ರಾಜ್ಯ, ಬಿಸಿಲಿಗೆ ಬರವಿಲ್ಲ. ಜನ ಮನೆ ಚಾವಣಿ ಮೇಲೆ ಸೌರಫಲಕ ಹಾಕಿಸಿ, ಹೆಚ್ಚಾದ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ಬಿಲ್ ಇಳಿಸಿಕೊಳ್ಳುತ್ತಿದ್ದರು. ಇದೇ ನೆಟ್ ಮೀಟರಿಂಗ್.

2015ರ ಡಿಸೆಂಬರ್‌ನಲ್ಲಿ ರಾಜ್ಯದ ನಿಯಂತ್ರಣ ಆಯೋಗ ಚಾವಣಿ ಸೌರ ಗ್ರಾಹಕರ ನಿಗದಿತ ಶುಲ್ಕ ಏರಿಸಿ, ಅವರು ಗ್ರಿಡ್‌ಗೆ ಕೊಡುವ ವಿದ್ಯುತ್ತಿಗೆ ಸಿಗುವ ಬೆಲೆ ಇಳಿಸಿತು. ಈಗಾಗಲೇ ಹಣ ಹಾಕಿ ಫಲಕ ಕೂರಿಸಿದ್ದವರಿಗೂ ಹೊಸ ನಿಯಮ ಅನ್ವಯವಾಯಿತು. ಸೋಲಾರ್‌ಸಿಟಿಯಂಥ ಕಂಪನಿಗಳು ಅಲ್ಲಿ ಹೊಸ ವ್ಯವಹಾರ ನಿಲ್ಲಿಸಿದವು, ಕೆಲಸಗಾರರು ಕೆಲಸ ಕಳೆದುಕೊಂಡರು.

ವಿದ್ಯುತ್ ಕಂಪನಿಯ ವಾದ ಇದು: ಸೌರಫಲಕ ಇದ್ದವರಿಗೂ ರಾತ್ರಿ ಗ್ರಿಡ್ ಬೇಕು. ಕಂಬ, ತಂತಿಯ ಖರ್ಚನ್ನು ಅವರು ಕೊಡದಿದ್ದರೆ ಫಲಕ ಹಾಕಿಸಲಾಗದ ಬಡವರ ಮೇಲೆ ಅದು ಬೀಳುತ್ತದೆ. ಈ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ. ಆದರೆ ಹೇಳುತ್ತಿರುವವರು ಯಾರು ಅನ್ನೋದನ್ನೂ ನೋಡಬೇಕು. ಇಂಥ ವಿದ್ಯುತ್ ಕಂಪನಿಗೆ ಆದಾಯ ಹೀಗೆ ಬರುತ್ತದೆ: ಅದು ಹೂಡಿದ ಬಂಡವಾಳಕ್ಕೆ ಇಂತಿಷ್ಟು ಪ್ರತಿಫಲ ಸಿಗುವಂತೆ ನಿಯಂತ್ರಕರು ದರ ನಿಗದಿ ಮಾಡುತ್ತಾರೆ. ದೊಡ್ಡ ಸೌರ ಪಾರ್ಕನ್ನು ತಾನೇ ಕಟ್ಟಿದರೆ ಅದಕ್ಕೂ ಪ್ರತಿಫಲ ಸಿಗುತ್ತದೆ. ನೀವು ನಿಮ್ಮ ಚಾವಣಿಯಲ್ಲಿ ಕಟ್ಟಿಕೊಂಡರೆ ಸಿಗುವುದಿಲ್ಲ. ಎರಡೂ ಕಡೆ ಇರುವುದು ಅದೇ ಸೂರ್ಯ, ಅದೇ ಫಲಕ.

ನೆವಾಡಾದ ಜನ ಸುಮ್ಮನಿರಲಿಲ್ಲ. ಪ್ರತಿಭಟಿಸಿದರು, ಕೋರ್ಟಿಗೆ ಹೋದರು, ಶಾಸಕರ ಬೆನ್ನು ಬಿದ್ದರು. 2016ರಲ್ಲಿ ಹಳೇ ಗ್ರಾಹಕರಿಗೆ ಹಳೇ ದರ ವಾಪಸ್ ಬಂತು. 2017ರಲ್ಲಿ ಶಾಸನಸಭೆಯೇ ಹೊಸ ಕಾನೂನು ಮಾಡಿ ನೆಟ್ ಮೀಟರಿಂಗ್ ಮರಳಿ ತಂದಿತು.

ಲಾಭ ಇಲ್ಲ ಅಂದಾಗ

2020ರ ಸೆಪ್ಟೆಂಬರ್‌ನಲ್ಲಿ ಒರೆಗಾನ್ ರಾಜ್ಯದ ಕಾಡಿಗೆ, ಊರುಗಳಿಗೆ ಬೆಂಕಿ ಬಿತ್ತು. ಬಿರುಗಾಳಿಯ ಎಚ್ಚರಿಕೆ ಇದ್ದರೂ ಬರ್ಕ್‌ಷೈರ್‌ನ ಪೆಸಿಫಿಕಾರ್ಪ್ ತಂತಿಗಳಲ್ಲಿ ವಿದ್ಯುತ್ ನಿಲ್ಲಿಸಲಿಲ್ಲ, ಇದು ಗಂಭೀರ ನಿರ್ಲಕ್ಷ್ಯ ಅಂತ 2023ರ ಜೂನ್‌ನಲ್ಲಿ ಜ್ಯೂರಿ ತೀರ್ಪು ಕೊಟ್ಟಿತು.

2024ರ ಫೆಬ್ರವರಿಯಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲಿ ಬಫೆಟ್ ಬೇಸರ ಮುಚ್ಚಿಡಲಿಲ್ಲ. ಪ್ರತಿಫಲದ ಭರವಸೆ ಮುರಿದು ಬಿದ್ದಿದೆ, ಹೀಗಾದರೆ ಖಾಸಗಿ ಹಣ ವಿದ್ಯುತ್ತಿಗೆ ಬರುವುದಿಲ್ಲ, ಕೆಲವು ರಾಜ್ಯಗಳು ಸಾರ್ವಜನಿಕ ಒಡೆತನದ ಕಡೆ ಹೋಗಬೇಕಾಗಬಹುದು ಅನ್ನೋದು ಅದರ ಸಾರ. ಉದಾಹರಣೆಗೆ ಅವರು ಹೆಸರಿಸಿದ್ದು ನೆಬ್ರಾಸ್ಕಾವನ್ನು. ಅಮೆರಿಕದಲ್ಲಿ ಎಲ್ಲ ಮನೆಗೂ ಸಾರ್ವಜನಿಕ ಒಡೆತನದ ಸಂಸ್ಥೆಗಳೇ ವಿದ್ಯುತ್ ಕೊಡುವ ಏಕೈಕ ರಾಜ್ಯ ಅದು. ಬಫೆಟ್ ಬದುಕಿನ ಬಹುಪಾಲು ಕಳೆದ ಒಮಾಹಾ ಇರುವುದೂ ಅಲ್ಲೇ. ಖಾಸಗಿ ವಿದ್ಯುತ್ತಿನ ದೊಡ್ಡ ಒಡೆಯರ ಮನೆಯ ದೀಪ ಉರಿಯುವುದು ಸಾರ್ವಜನಿಕ ವಿದ್ಯುತ್ತಿನಲ್ಲಿ!

ಬ್ಯಾಂಕು ಮುಳುಗುವಾಗ ಯಾರಿಗೆ ಎಷ್ಟು?

ಈಗ ಬ್ಯಾಂಕಿನ ವಿಷಯಕ್ಕೆ ಬರೋಣ. ಡೆರಿವೇಟಿವ್‌ಗಳು, ಅಂದ್ರೆ ಬೇರೊಂದರ ಬೆಲೆಯ ಮೇಲೆ ಕಟ್ಟುವ ಕರಾರುಗಳು, ಹಣಕಾಸು ಲೋಕದ ಸಾಮೂಹಿಕ ವಿನಾಶದ ಅಸ್ತ್ರಗಳು ಅಂತ ಬಫೆಟ್ 2002ರ ವಾರ್ಷಿಕ ಪತ್ರದಲ್ಲೇ ಎಚ್ಚರಿಸಿದ್ದರು. 2008ರಲ್ಲಿ ಅದು ನಿಜವೇ ಆಯಿತು. ಅದೇ ಹೊತ್ತಿಗೆ ಬರ್ಕ್‌ಷೈರ್ ಕೂಡ ಷೇರು ಸೂಚ್ಯಂಕಗಳ ಮೇಲೆ ಅಂಥದೇ ಕರಾರು ಮಾರಿ ಸುಮಾರು 490 ಕೋಟಿ ಡಾಲರ್ ಪ್ರೀಮಿಯಂ ಪಡೆದಿತ್ತು. ಬೆಲೆ ಸರಿಯಾಗಿ ಸಿಕ್ಕಿದೆ, ಅಪಾಯ ತಡೆದುಕೊಳ್ಳುವ ಶಕ್ತಿ ತಮಗಿದೆ ಅನ್ನೋದು ಅವರ ಸಮರ್ಥನೆ.

2008ರ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಕುಸಿದ ಕೆಲವೇ ದಿನಕ್ಕೆ ಬರ್ಕ್‌ಷೈರ್ ಗೋಲ್ಡ್‌ಮನ್ ಸ್ಯಾಕ್ಸ್‌ಗೆ 500 ಕೋಟಿ ಡಾಲರ್ ಕೊಟ್ಟಿತು. ವರ್ಷಕ್ಕೆ ಶೇ. 10ರ ಡಿವಿಡೆಂಡ್, ಜೊತೆಗೆ ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಸರ್ಕಾರ ಕೈಕಟ್ಟಿ ಕೂರುವುದಿಲ್ಲ ಅನ್ನೋ ನಂಬಿಕೆಯಿಂದಲೇ ಈ ಹಣ ಹಾಕಿದ್ದು ಅಂತ ಆಗಲೇ ಅವರು ಹೇಳಿದ್ದರು. ಮರುತಿಂಗಳೇ ಅಮೆರಿಕ ಸರ್ಕಾರ ಅದೇ ಬ್ಯಾಂಕಿಗೆ 1,000 ಕೋಟಿ ಡಾಲರ್ ಕೊಟ್ಟಿತು. ಎರಡು ಪಟ್ಟು ಹಣ. ಪಡೆದ ಡಿವಿಡೆಂಡ್? ಶೇ. 5.

ಒಬ್ಬರು ಕೊಟ್ಟಿದ್ದು ಷೇರುದಾರರ ಹಣ, ಇನ್ನೊಬ್ಬರು ಕೊಟ್ಟಿದ್ದು ಜನರ ಹಣ. ಜನರ ಪರವಾಗಿ ಕೂತವರು ಅರ್ಧ ದರಕ್ಕೆ ಒಪ್ಪಿದರು. ಎಲ್ಲ ಬ್ಯಾಂಕುಗಳೂ ಬೇಗ ಒಪ್ಪಿಕೊಂಡು ಭಯ ಇಳಿಯಲಿ ಅನ್ನೋದು ಸರ್ಕಾರದ ಲೆಕ್ಕವಾಗಿತ್ತು. ಬಿಕ್ಕಟ್ಟು ತಿಳಿಯಾದ ಮೇಲೆ, 2010ರಲ್ಲಿ, ಪತ್ರಿಕೆಯೊಂದಕ್ಕೆ ಲೇಖನ ಬರೆದು ಸರ್ಕಾರಕ್ಕೆ ಬಹಿರಂಗವಾಗಿ ಧನ್ಯವಾದ ಹೇಳಿದವರೂ ಬಫೆಟ್ಟೇ.

2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ಅಲ್ಲಿನ ಠೇವಣಿ ವಿಮೆಯ ಮಿತಿ 2.5 ಲಕ್ಷ ಡಾಲರ್. ಸರ್ಕಾರ ಮಿತಿ ಮೀರಿದ ಠೇವಣಿಗಳನ್ನೂ ಕಾಪಾಡಿತು. ಹಾಗೆ ಮಾಡದಿದ್ದರೆ ಅನಾಹುತವಾಗುತ್ತಿತ್ತು, ಆದರೆ ಬ್ಯಾಂಕ್ ಮುಳುಗಿಸಿದ ಅಧಿಕಾರಿಗಳು ಅದರ ಪೆಟ್ಟು ತಿನ್ನಲೇಬೇಕು ಅಂತ ಬಫೆಟ್ ಹೇಳಿದರು. ನಮ್ಮಲ್ಲಿ ಈ ವಿಮೆಯ ಮಿತಿ 5 ಲಕ್ಷ ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿ, 35,000 ರೂಪಾಯಿ ಮೀರಿ ತೆಗೆಯುವಂತಿಲ್ಲ ಅಂದಾಗ ಮಿತಿ ಬರೀ 1 ಲಕ್ಷ ಇತ್ತು. ಯಾರ ಠೇವಣಿ ರಾತ್ರೋರಾತ್ರಿ ಉಳಿಯುತ್ತದೆ, ಯಾರು ವರ್ಷಗಟ್ಟಲೆ ಅಲೆಯುತ್ತಾರೆ ಅನ್ನೋದೂ ರಾಜಕೀಯ ನಿರ್ಧಾರವೇ.

ತೆರಿಗೆ: ಸರಿ ಹೇಳಿದ್ದು, ಕಾನೂನು ಬಿಟ್ಟಿದ್ದು

2011ರ ಆಗಸ್ಟ್‌ನಲ್ಲಿ ಬಫೆಟ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು: ನಾನು ಕಟ್ಟಿದ್ದು ತೆರಿಗೆಗೆ ಒಳಪಡುವ ಆದಾಯದ ಶೇ. 17.4, ನಮ್ಮ ಕಚೇರಿಯ ಉಳಿದವರು ಕಟ್ಟಿದ್ದು ಸರಾಸರಿ ಶೇ. 36, ನಮ್ಮಂಥ ಸಿರಿವಂತರಿಗೆ ತೆರಿಗೆ ಹೆಚ್ಚಿಸಿ. ಶತಕೋಟ್ಯಧಿಪತಿ ಇಷ್ಟು ನೇರವಾಗಿ ಹೇಳುವುದು ಅಪರೂಪ.

ಹತ್ತು ವರ್ಷದ ನಂತರ, 2021ರಲ್ಲಿ, 'ಪ್ರೊಪಬ್ಲಿಕಾ' ಸುದ್ದಿಸಂಸ್ಥೆ ತೆರಿಗೆ ದಾಖಲೆಗಳನ್ನು ಹೊರತಂದಿತು. 2014ರಿಂದ 2018ರ ನಡುವೆ ಬಫೆಟ್ ಸಂಪತ್ತು 2,430 ಕೋಟಿ ಡಾಲರ್ ಹೆಚ್ಚಿತ್ತು. ಅದೇ ಅವಧಿಯಲ್ಲಿ ಕಟ್ಟಿದ ವೈಯಕ್ತಿಕ ತೆರಿಗೆ 2.37 ಕೋಟಿ ಡಾಲರ್. ಇದು ಕಳ್ಳತನವಲ್ಲ, ಪೂರ್ತಿ ಕಾನೂನುಬದ್ಧ. ಷೇರು ಮಾರದಿದ್ದರೆ ಅದರ ಬೆಲೆ ಎಷ್ಟೇ ಏರಿದರೂ ಅದು 'ಆದಾಯ' ಅಲ್ಲ. ಬರ್ಕ್‌ಷೈರ್ ಷೇರುದಾರರಿಗೆ ಡಿವಿಡೆಂಡ್ ಕೊಡುವುದಿಲ್ಲ, ಹಾಗಾಗಿ ಅದರ ಮೇಲೂ ತೆರಿಗೆ ಇಲ್ಲ. ಇನ್ನೊಂದು ಕಡೆ, 2024ರಲ್ಲಿ ಬರ್ಕ್‌ಷೈರ್ ಕಂಪನಿ 2,680 ಕೋಟಿ ಡಾಲರ್ ಕಾರ್ಪೊರೇಟ್ ತೆರಿಗೆ ಕಟ್ಟಿದೆ, ಅದೂ ಸಣ್ಣ ಮೊತ್ತವಲ್ಲ. ಅಂದ್ರೆ ಬಫೆಟ್ ಕೇಳಿದ ಹಾಗೆ ಆದಾಯ ತೆರಿಗೆಯ ದರ ಏರಿಸಿದ್ದರೂ ಅವರ ಸಂಪತ್ತಿನ ಬಹುಪಾಲು ಅದರ ಕೈಗೆ ಸಿಗುತ್ತಿರಲಿಲ್ಲ.

ನಮಗೇನು?

ಬಫೆಟ್ ಕಪಟಿ ಅಂತ ಸಾಬೀತು ಮಾಡುವುದು ಈ ಬರಹದ ಉದ್ದೇಶವಲ್ಲ. ದೊಡ್ಡ ಹೂಡಿಕೆದಾರರಲ್ಲಿ ಅವರಷ್ಟು ಬಾಯಿಬಿಟ್ಟು ಮಾತಾಡುವವರು ಕಡಿಮೆ. ಅವರ ಮಾತನ್ನು ನೀತಿಬೋಧೆಯ ಹಾಗೆ ಕೇಳುವ ಬದಲು ಮಾಹಿತಿಯ ಹಾಗೆ ಓದಿದರೆ ಉಪಯೋಗ ಹೆಚ್ಚು. ಯಾವ ಹೂಡಿಕೆದಾರರೇ ಆಗಲಿ, ಇಂಧನದ ಭವಿಷ್ಯದ ಬಗ್ಗೆ, ಬ್ಯಾಂಕಿನ ಬಗ್ಗೆ ಅಭಿಪ್ರಾಯ ಹೇಳಿದಾಗ ಮೂರು ಪ್ರಶ್ನೆ ಕೇಳಿ. ಇವರ ಹಣ ಎಲ್ಲಿದೆ? ಆ ಲಾಭ ಯಾವ ಕಾನೂನಿನ ಮೇಲೆ ನಿಂತಿದೆ? ನಷ್ಟವಾದರೆ ಕಟ್ಟುವವರು ಯಾರು?

ಮತ್ತೆ, ಆ ಕಾನೂನು ಬರೆಯುವ ಜಾಗದಲ್ಲಿ ನಾವಿದ್ದೇವಾ ಅನ್ನೋದನ್ನೂ ಕೇಳಿಕೊಳ್ಳಬೇಕು. ಕರ್ನಾಟಕದಲ್ಲಿ ವಿದ್ಯುತ್ ದರ, ನಿಗದಿತ ಶುಲ್ಕ, ಚಾವಣಿ ಸೌರ ವಿದ್ಯುತ್ತಿಗೆ ಸಿಗುವ ಬೆಲೆ, ಎಲ್ಲ ತೀರ್ಮಾನಿಸುವುದು ಕೆಇಆರ್‌ಸಿ. ದರ ಪರಿಷ್ಕರಣೆಗೆ ಮುಂಚೆ ಅದು ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. ಬರೆದು ಕೊಡಲು ಲಾಯರೇ ಆಗಬೇಕಿಲ್ಲ. ನೆವಾಡಾದಲ್ಲಿ ನಿಯಮ ವಾಪಸ್ ಬಂದಿದ್ದು ಕರೆಂಟ್ ಬಿಲ್ ಕಟ್ಟುವ ಜನ ತಮ್ಮ ಬಿಲ್ ಓದಿ, ಎದ್ದು ಹೋಗಿ ಕೇಳಿದ್ದರಿಂದ.