ಟರ್ಬೊ ಎಂಜಿನ್: ಕೋನ ತಪ್ಪಿದರೆ ಹೊಗೆ ವಾಪಸ್!

ಭತ್ತದ ಕೊಯ್ಲು ಬಂತೆಂದರೆ ಗಂಗಾವತಿಯ ಗದ್ದೆಗಳಲ್ಲಿ ಯಂತ್ರಗಳದೇ ಸದ್ದು. ಅಕ್ಕಿ ಹೊತ್ತ ಲಾರಿಗಳು ಕೊಪ್ಪಳದತ್ತ ಸಾಗುತ್ತವೆ. ಯಲಬುರ್ಗಾದ ಎರೆಹೊಲಗಳಲ್ಲಿ ಟ್ರ್ಯಾಕ್ಟರ್ ಓಡಾಡುತ್ತದೆ. ಕುಷ್ಟಗಿಯ ಹೆದ್ದಾರಿಗಂತೂ ಹಗಲು–ರಾತ್ರಿ ಎಂಬುದಿಲ್ಲ. ಗ್ಯಾರೇಜಿನ ಮುಂದೆ ನಿಂತು ಟರ್ಬೊ ಲಾರಿಯ ಶಿಳ್ಳೆ ಕೇಳುವ ಮಗನನ್ನು ‘ಹೋಗಿ ಓದಿಕೋ’ ಎಂದು ಗದರುವ ಮುನ್ನ ಪಾಲಕರು ತುಸು ತಾಳಬೇಕು. ಆ ಶಿಳ್ಳೆಯಲ್ಲೂ ಗಣಿತವಿದೆ.

ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ಚಕ್ರದಿಂದ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇಂಥ ವ್ಯವಸ್ಥೆಗೆ ಪೇಟೆಂಟ್ ಪಡೆದ.

ಗಾಳಿ ಒಳಬರುವ, ಹೊಗೆ ಹೊರಹೋಗುವ ವಾಲ್ವ್‌ಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿವೆ, ಇವೇ ಲೋಬ್‌ಗಳು. ಒಳವಾಲ್ವ್‌ನ ಲೋಬಿನ ನೆತ್ತಿಗೂ ಹೊರವಾಲ್ವ್‌ನ ಲೋಬಿನ ನೆತ್ತಿಗೂ ನಡುವಿನ ಕೋನವೇ ‘ಲೋಬ್ ಸೆಪರೇಷನ್’. ಈ ಕೋನ ಕಿರಿದಾದಷ್ಟೂ ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ, ಅಂದರೆ ಓವರ್‌ಲ್ಯಾಪ್, ಹೆಚ್ಚುತ್ತದೆ.

ಲೆಕ್ಕ ಸುಲಭ. ಎರಡೂ ವಾಲ್ವ್‌ಗಳು ತಲಾ 260 ಡಿಗ್ರಿ ತೆರೆದಿರುತ್ತವೆ ಎನ್ನೋಣ. ಲೋಬ್ ಕೋನ 108 ಆದರೆ, 260ರಲ್ಲಿ 216 ಕಳೆದು ಓವರ್‌ಲ್ಯಾಪ್ 44 ಡಿಗ್ರಿ. ಕೋನ 114 ಆದರೆ 32 ಮಾತ್ರ. ಕೋನದಲ್ಲಿ 6 ಹೆಚ್ಚಿದರೆ ಓವರ್‌ಲ್ಯಾಪಿನಲ್ಲಿ 12 ಇಳಿಯುವುದೇಕೆ? ಕ್ಯಾಮ್‌ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಬರುತ್ತದೆ. ಓವರ್‌ಲ್ಯಾಪನ್ನು ಅಳೆಯುವುದು ಕ್ರ್ಯಾಂಕಿನ ಡಿಗ್ರಿಯಲ್ಲಿ.

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಹೊರನುಗ್ಗುವ ಹೊಗೆ ತನ್ನ ಹಿಂದೆಯೇ ಹೊಸ ಗಾಳಿಯನ್ನು ಎಳೆಯುತ್ತದೆ; ಓವರ್‌ಲ್ಯಾಪ್ ಅಲ್ಲಿ ಲಾಭ. ಟರ್ಬೊದಲ್ಲಿ ಚಕ್ರವೇ ಹೊಗೆಯ ದಾರಿಗೆ ಅಡ್ಡ. ಹೊಗೆಯ ಒತ್ತಡ ಒಳಬರುವ ಗಾಳಿಯ ಒತ್ತಡಕ್ಕಿಂತ ಹೆಚ್ಚಾದರೆ ಹೊಗೆ ಮರಳಿ ಸಿಲಿಂಡರಿಗೇ ನುಗ್ಗುತ್ತದೆ. ಕಾಲುವೆಗಿಂತ ಗದ್ದೆಯ ನೀರು ಮೇಲಿರುವಾಗ ತೂಬು ತೆರೆದಂತೆ! ಅದಕ್ಕೇ ಇಲ್ಲಿ ಸಾಮಾನ್ಯವಾಗಿ ಅಗಲ ಕೋನ, 112ರಿಂದ 116ರ ಆಸುಪಾಸು.

ಹಾಗೆಂದು ಅಗಲವಾದಷ್ಟೂ ಒಳ್ಳೆಯದೆಂದಲ್ಲ. ಗಾಳಿಯ ಒತ್ತಡವೇ ಮೇಲಾಗಿದ್ದರೆ ತುಸು ಓವರ್‌ಲ್ಯಾಪ್ ಸಿಲಿಂಡರನ್ನು ಚೊಕ್ಕ ಮಾಡುತ್ತದೆ. ಅತಿಯಾದರೆ, ಗಾಳಿಯೊಡನೆ ಇಂಧನವೂ ಬೆರೆತು ಬರುವ ಪೆಟ್ರೋಲ್ ಎಂಜಿನ್‌ನಲ್ಲಿ ಉರಿಯದ ಇಂಧನ ಹೊರಗೆ ಪೋಲು. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ವಾಲ್ವ್‌ಗಳ ತೀರ ಸಮೀಪಕ್ಕೆ ಬರುವುದರಿಂದ ಓವರ್‌ಲ್ಯಾಪಿಗೆ ಮೊದಲೇ ಮಿತಿಯುಂಟು.

ಎಚ್ಚರ ಬೇಕಾದುದು ಇಲ್ಲಿ. ಎರಡೂ ಬಗೆಯ ಲೋಬ್‌ಗಳು ಒಂದೇ ಕ್ಯಾಮ್‌ಶಾಫ್ಟಿನಲ್ಲಿದ್ದರೆ ಈ ಕೋನವನ್ನು ಲೋಹದಲ್ಲೇ ಅರೆದಿರುತ್ತಾರೆ. ಶಾಫ್ಟನ್ನು ಹಿಂದೆ ಮುಂದೆ ತಿರುಗಿಸಿ ಕೂರಿಸಿದರೆ ಎರಡೂ ಲೋಬ್ ಒಟ್ಟಿಗೆ ಸರಿಯುತ್ತವೆ. ನಡುವಿನ ಕೋನ ಬದಲಾಗದು. ತಪ್ಪಿದ ಲೆಕ್ಕವನ್ನು ಸ್ಪ್ಯಾನರ್ ತಿದ್ದದು, ಹೊಸ ಶಾಫ್ಟನ್ನೇ ಕೊಳ್ಳಬೇಕು. ಆದ್ದರಿಂದ ಎರಡೂ ಒತ್ತಡಗಳನ್ನು ಮೊದಲು ಅಳೆಯಬೇಕು, ಕೋನವನ್ನು ಆಮೇಲೆ ಆರಿಸಬೇಕು. ಗ್ಯಾರೇಜಿನ ಆಸೆಯಿರುವ ಹುಡುಗ ಕೋನಮಾಪಕವನ್ನು ಚೀಲದಲ್ಲೇ ಮರೆಯಬಾರದು.