ಹಳೆಯ ಜೀಪಿಗೆ ಡೀಸೆಲ್ ಎಂಜಿನ್: ಹಾಕಿಸುವ ಮುನ್ನ ಲೆಕ್ಕ ಹಾಕಿ

ಮಲೆನಾಡು, ಕೊಡಗಿನ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ನಂಬಿಕೆಯ ಆಳು. ಗೊಬ್ಬರದ ಚೀಲ, ಹಾಲಿನ ಕ್ಯಾನು, ಪಂಪ್‌ಸೆಟ್ಟಿನ ಪೈಪು ಎಲ್ಲವನ್ನೂ ಏರುದಾರಿಯಲ್ಲಿ ಹೊತ್ತು ತರುತ್ತದೆ.

ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಮುಂದೆ ಬಂದ ಸಿಜೆ-3ಬಿ ಮಾದರಿಯಲ್ಲಿದ್ದುದು ನಾಲ್ಕು ಸಿಲಿಂಡರಿನ, ಸುಮಾರು 2,200 ಸಿ.ಸಿ.ಯ ಹರಿಕೇನ್ ಪೆಟ್ರೋಲ್ ಎಂಜಿನ್. ಗಟ್ಟಿ ಎಂಜಿನ್ ನಿಜ. ಪೆಟ್ರೋಲ್ ಕುಡಿಯುವುದರಲ್ಲೂ ಗಟ್ಟಿಯೇ. ಡೀಸೆಲ್ ಬಹಳ ಅಗ್ಗವಾಗಿದ್ದ ಕಾಲದಲ್ಲಿ ಅನೇಕರು ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಈಗಲೂ ಕೆಲವು ರೈತರಿಗೆ ಆ ಯೋಚನೆ ಇದೆ. ಅಂಥವರು ಮೂರು ಸಂಗತಿ ತಿಳಿದಿರಬೇಕು.

ಕೂರಿಸುವುದು ಬೇರೆ, ಹೊಂದಿಸುವುದು ಬೇರೆ

ಡೀಸೆಲ್ ಎಂಜಿನ್ ಭಾರ ಹೆಚ್ಚು, ನಡುಕವೂ ಹೆಚ್ಚು. ಆದ್ದರಿಂದ ಮುಂದಿನ ಪಟ್ಟಿ ಸ್ಪ್ರಿಂಗು, ಎಂಜಿನ್ ಕೂರುವ ರಬ್ಬರ್ ಮೌಂಟಿಂಗು ಎರಡನ್ನೂ ಬಲಪಡಿಸಬೇಕು. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ಲೇತಿನಲ್ಲಿ ಮಾಡಿಸಿದ ಪ್ಲೇಟ್ ಬೇಕಾಗುತ್ತದೆ. ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು, ಬೇರಿಂಗು ಬೇಗ ಸವೆಯುತ್ತವೆ. ಇಂಜೆಕ್ಟರಿನಲ್ಲಿ ಉಳಿದ ಎಣ್ಣೆ ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು, ದೊಡ್ಡ ಬ್ಯಾಟರಿ, ಎಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ ಸಹ ಬೇಕು.

ಬಹುಮಂದಿ ಮರೆಯುವುದು ಹಿಂದಿನ ಕ್ರೌನ್-ಪಿನಿಯನ್ ಹಲ್ಲಿನ ಲೆಕ್ಕವನ್ನು. ಹಳೆಯ ವಿಲ್ಲಿಸ್ ಜೀಪಿನಲ್ಲಿ ಇದು 5.38ಕ್ಕೆ 1. ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಜೀಪು ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಬಲ್ಲದು. ಅಂದರೆ ಗಂಟೆಗೆ ಸುಮಾರು 98 ಕಿ.ಮೀ. ವೇಗ. 2,500 ಸುತ್ತಿಗೇ ಗವರ್ನರ್ ತಡೆಯುವ ಡೀಸೆಲ್ ಎಂಜಿನ್ ಹಾಕಿದಿರಿ ಎನ್ನೋಣ. ಜೀಪಿನ ಓಟ ಸುಮಾರು 61 ಕಿ.ಮೀ.ಗೇ ಮುಗಿಯಿತು. ತೋಟದ ಏರಿಗೆ ಅದು ಒಳ್ಳೆಯದೇ. ಪೇಟೆಗೆ ಹೋಗುವವರಿಗೆ ಮಾತ್ರ ಬೇಸರ, ಎಂಜಿನ್ನಿಗೂ ಆಯಾಸ.

ಖರ್ಚು ಎಂದು ಹಿಂತಿರುಗೀತು?

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ ಹೋಯಿತು. ಪೆಟ್ರೋಲಿಗೂ ಡೀಸೆಲಿಗೂ ಹಿಂದಿದ್ದಷ್ಟು ಅಂತರ ಈಗಿಲ್ಲ. ಎಂಜಿನ್, ಕೂಲಿ ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ ಆಯಿತು, ಕಿಲೋಮೀಟರಿಗೆ 3 ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಹಾಕಿದ ಹಣ ಮರಳಲು 50,000 ಕಿ.ಮೀ. ಓಡಬೇಕು. ವರ್ಷಕ್ಕೆ 5,000 ಕಿ.ಮೀ. ಓಡುವ ಜೀಪಿಗೆ ಇದು ಹತ್ತು ವರ್ಷದ ಮಾತು. ನಿಮ್ಮ ಊರಿನ ದರ ಹಾಕಿಕೊಂಡು ಇದೇ ಲೆಕ್ಕ ಮಾಡಿ ನೋಡಿ.

ಕಾನೂನಿನ ತೊಡಕು

ಎಲ್ಲಕ್ಕಿಂತ ದೊಡ್ಡ ಅಪಾಯ ಕಾಗದಪತ್ರದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿ ಮುಂತಾದವುಗಳಿಗೆ ಷರತ್ತಿನ ಮೇಲೆ ಅವಕಾಶವುಂಟು. ಆ ಪಟ್ಟಿಯಲ್ಲಿ ಡೀಸೆಲಿನ ಹೆಸರಿಲ್ಲ. 2019ರ ತಿದ್ದುಪಡಿಯಂತೆ, ನಿಯಮ ಮೀರಿದ ಪ್ರತಿ ಮಾರ್ಪಾಟಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಎಂಜಿನ್ ಸಂಖ್ಯೆ ಆರ್.ಸಿ.ಗೆ ತಾಳೆಯಾಗದಿದ್ದರೆ ನೋಂದಣಿ ನವೀಕರಣಕ್ಕೂ ತೊಡಕು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಹಾಗಾದರೆ ದಾರಿ ಯಾವುದು?

ಮೊದಲು ಇರುವ ಎಂಜಿನ್ನನ್ನೇ ಬಿಚ್ಚಿಸಿ ನೋಡಿಸಿ. ಬೋರ್ ಮಾಡಿಸಿ, ಪಿಸ್ಟನ್ನು, ರಿಂಗು ಹೊಸದು ಹಾಕಿಸಿ, ವಾಲ್ವು ಉಜ್ಜಿಸಿ, ಕಾರ್ಬ್ಯುರೇಟರ್ ಶುಚಿಗೊಳಿಸಿದರೆ ಎಷ್ಟೋ ಜೀಪುಗಳ ಕುಡಿತ ತಗ್ಗುತ್ತದೆ. ಎಂಜಿನ್ ಸಂಖ್ಯೆಯೂ ಹಳೆಯದೇ ಉಳಿಯುತ್ತದೆ. ಬ್ಲಾಕೇ ಒಡೆದು ಹೋಗಿದ್ದರೆ ಅದೇ ಜಾತಿಯ ಎಂಜಿನ್ ಹುಡುಕಿ, ಮಾರಿದವರಿಂದ ರಸೀದಿ ಪಡೆದು, ಸಾರಿಗೆ ಕಚೇರಿಯ ಅನುಮತಿ ಪಡೆದ ನಂತರವೇ ಹಾಕಿಸಿ. ಡೀಸೆಲ್ಲೇ ಬೇಕೆಂದರೆ ಕಾರ್ಖಾನೆಯಿಂದಲೇ ಡೀಸೆಲ್ ಆಗಿ ಬಂದ, ಕಾಗದ ಸರಿಯಿರುವ ಜೀಪು ಕೊಳ್ಳುವುದು ಲೇಸು.

ಬೇರೆಯವರು ಈಗಾಗಲೇ ಎಂಜಿನ್ ಬದಲಿಸಿದ ಜೀಪನ್ನು ಕೊಳ್ಳುವವರೂ ಎಚ್ಚರ ವಹಿಸಬೇಕು. ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ.ಯೊಡನೆ ತಾಳೆ ನೋಡಿದ ಮೇಲೆಯೇ ಮುಂಗಡ ಕೊಡಿ.